ಏಳು ಹೊಲಿಗೆ, ಒಂದು ಹೊಲಿಗೆ

ಷಡ್ಡಕನ ಬಲಗೈ ಮಣಿಕಟ್ಟಿನ ಮೇಲೆ ಜೀರಿಗೆ ಕಾಳಿನಷ್ಟು ಉದ್ದದ ಒಂದು ಗಾಯದ ಗುರುತು ಇತ್ತು. ಕಾಲರಣ್ಣನ ಹೊಟ್ಟೆಗೆ ಬೆಂಕಿ ಬೀಳಲು ಅಷ್ಟೇ ಸಾಕಾಗಿತ್ತು.

ಗಾಯ ಕಾಲರಣ್ಣನ ಬಲಗೈಯಲ್ಲೂ ಇತ್ತು. ಆದರೆ ಅದು ಅಂಗೈಯ ನಡುವಿನಿಂದ ಹೊರಟು ಮಣಿಕಟ್ಟಿನವರೆಗೆ ಎರಡು ಅಂಗುಲ ಇಳಿದು, ಏಳು ಹೊಲಿಗೆ ಹಾಕಿಸಿಕೊಂಡು, ಹನ್ನೆರಡು ದಿನದಿಂದ ದಪ್ಪ ಬ್ಯಾಂಡೇಜಿನೊಳಗೆ ಮಲಗಿತ್ತು. ಇಬ್ಬರದೂ ಒಂದೇ ಕಾಯಿಲೆ. ಮಣಿಕಟ್ಟಿನೊಳಗೆ ನರ ಒತ್ತಿಕೊಂಡು ಬೆರಳು ಜುಮುಗುಟ್ಟಿ ಮರಗಟ್ಟುವುದು. ಕಾಲರಣ್ಣ ತನ್ನೂರಿನ ಆಸ್ಪತ್ರೆಗೆ ಹೋದ, ಅವರು ಅಂಗೈ ಕೊಯ್ದು ತೆರೆದು ಸರಿ ಮಾಡಿದರು. ಷಡ್ಡಕ ಅದೇ ವಾರ ಬೇರೆ ಊರಿನಲ್ಲಿದ್ದ ತನ್ನ ಅಕ್ಕನ ಮನೆಗೆ ಹೋಗಿ, ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸುವ ಹೊಸ ಬಗೆಯ ಆಪರೇಷನ್ ಮಾಡಿಸಿಕೊಂಡು ನಾಲ್ಕು ದಿನದಲ್ಲಿ ವಾಪಸ್ ಬಂದ. ಬಂದ ಮಾರನೆಯ ದಿನವೇ ಎರಡು ಕೈಯಲ್ಲಿ ಎರಡು ಬಕೆಟ್ ನೀರು ಹಿಡಿದು ಮಹಡಿಯ ಮೆಟ್ಟಿಲು ಹತ್ತಿದ. ಅದನ್ನು ಕಾಲರಣ್ಣ ಕೆಳಮನೆಯ ಕಿಟಕಿಯಿಂದ ಕಣ್ಣಾರೆ ನೋಡಿದ. ಅವತ್ತು ಅವನಿಗೆ ಊಟ ಸೇರಲಿಲ್ಲ.

ಹೆಸರಿನ ವಿಷಯ ಹೇಳಿಬಿಡಬೇಕು. ಇವರಿಬ್ಬರೂ ದುಡಿಯುತ್ತಿದ್ದ ಸಮವಸ್ತ್ರದ ಕಾರ್ಖಾನೆಯಲ್ಲಿ ಯಾರಿಗೂ ಸ್ವಂತ ಹೆಸರು ಉಳಿದಿರಲಿಲ್ಲ. ಯಾರು ಅಂಗಿಯ ಯಾವ ಭಾಗ ಹೊಲಿಯುತ್ತಾರೋ ಅದೇ ಅವರ ಹೆಸರು. ಇಪ್ಪತ್ತೊಂದು ವರ್ಷದಿಂದ ಕಾಲರ್ ಹೊಲಿದವನು ಕಾಲರಣ್ಣನಾದ. ಅವನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಜೇಬು ಹೊಲಿಯುತ್ತಿದ್ದ, ಹಾಗಾಗಿ ಅವನು ಜೇಬು. ಗುಂಡಿಗೆ ಕಾಜಾ ಹಾಕುವವಳು ಕಾಜಾ ಅಕ್ಕ. ಮೂಲೆಯಲ್ಲಿ ಇಸ್ತ್ರಿ ಮಾಡುತ್ತಿದ್ದ ಮುದುಕ ಇಸ್ತ್ರಿ ತಾತ. ಇಡೀ ಕಾರ್ಖಾನೆಯಲ್ಲಿ ಒಬ್ಬನಿಗೆ ಮಾತ್ರ ಮರ್ಯಾದೆಯ ಹೆಸರು. ಕಿಟಕಿ ಪಕ್ಕದ ಉದ್ದನೆಯ ಮೇಜಿನ ಮುಂದೆ ನಿಂತು, ನಲವತ್ತು ಪದರ ಬಟ್ಟೆಯನ್ನು ದೊಡ್ಡ ಕತ್ತರಿಯಿಂದ ಒಂದೇ ಏಟಿಗೆ ಸೀಳುತ್ತಿದ್ದ ಆತನನ್ನು ಯಜಮಾನಿ ಸಹ ‘ಮಾಸ್ತರೇ’ ಎಂದೇ ಕರೆಯುತ್ತಿದ್ದಳು.

ಆ ಮಾಸ್ತರಿಗೆ ವಯಸ್ಸಾಗಿತ್ತು. ಆ ಕತ್ತರಿ ಇನ್ನು ಮುಂದೆ ಯಾರ ಕೈಗೆ ಎಂಬುದನ್ನು ಯಜಮಾನಿ ಇವತ್ತು ನಾಲ್ಕು ಗಂಟೆಗೆ ಹೇಳುವವಳಿದ್ದಳು. ಲೆಕ್ಕಕ್ಕೆ ಇದ್ದವರು ಇಬ್ಬರೇ, ಕಾಲರಣ್ಣ ಮತ್ತು ಜೇಬು. ಕಾಲರಣ್ಣನಿಗೆ ಆ ಮೇಜಿನ ಮೇಲೆ ಹನ್ನೊಂದು ವರ್ಷದಿಂದ ಕಣ್ಣು. ಒಂದೇ ಒಂದು ದಿನವಾದರೂ ಯಾರಾದರೂ ತನ್ನನ್ನು ‘ಮಾಸ್ತರೇ’ ಎಂದು ಕರೆಯಬೇಕು, ಆ ಮಾತು ಹೆಂಡತಿಯ ಕಿವಿಗೆ ಬೀಳಬೇಕು, ಇಷ್ಟೇ ಅವನ ಆಸೆ. ಅದರ ಮೇಲೆ ಈ ಜೀರಿಗೆ ಕಾಳು ಬಂದು ಕೂತಿತ್ತು.

ಬೆಳಿಗ್ಗೆ ಹೆಂಡತಿ ಅವನ ಅಂಗಿಯ ಗುಂಡಿ ಹಾಕುತ್ತಿದ್ದಳು. ಬ್ಯಾಂಡೇಜಿನ ಕೈಯಲ್ಲಿ ಅವನಿಗೆ ಅದು ಆಗುತ್ತಿರಲಿಲ್ಲ.

“ಏಳು ಹೊಲಿಗೆ ರೀ,” ಎಂದಳು ಮೂರನೆಯ ಗುಂಡಿಯ ಹತ್ತಿರ. “ಅವರಿಗೆ ಒಂದೇ. ಕಾಯಿಲೆ ಒಂದೇ, ಕೈಯೂ ಅದೇ ಬಲಗೈ. ನಿಮಗೆ ಮಾತ್ರ ಏಳು ಯಾಕೆ?”

“ನನ್ನನ್ನ ಕೇಳಿದ್ರೆ? ಹಾಕಿದವರನ್ನ ಕೇಳು.”

“ನೀವು ಸರಿಯಾಗಿ ವಿಚಾರಿಸ್ಲಿಲ್ಲ ಅಷ್ಟೆ. ಮೊದಲನೇ ಬಾಗಿಲು ತೆರೆದಿತ್ತು, ಹೋಗಿ ಮಲಗಿಬಿಟ್ರಿ. ನನ್ನ ತಂಗಿ ಗಂಡ ನೋಡಿ, ಒಂದು ಪೊರಕೆ ತಗೊಂಡ್ರೂ ನಾಲ್ಕು ಅಂಗಡಿ ವಿಚಾರಿಸ್ತಾರೆ.”

ಕಾಲರಣ್ಣ ಕತ್ತು ಚಾಚಿ ಕೊನೆಯ ಗುಂಡಿ ಹಾಕಿಸಿಕೊಂಡ. ಅವನು ಸ್ವತಃ ಹೊಲಿದ ಕಾಲರ್ ಅವತ್ತು ಅವನ ಕತ್ತನ್ನೇ ಹಿಸುಕುತ್ತಿತ್ತು. ಅಷ್ಟರಲ್ಲಿ ಬಾಗಿಲು ತಟ್ಟಿ ಜೇಬುವೇ ಒಳಗೆ ಬಂದ. ನುಣ್ಣಗೆ ಬಾಚಿದ ತಲೆ, ತೋಳು ಮಡಚಿದ ಅಂಗಿ. ಗುರುತು ಕಾಣಲೆಂದೇ ತೋಳು ಮಡಚಿದ್ದಾನೆ ಎಂದು ಕಾಲರಣ್ಣನಿಗೆ ಒಂದು ಚೂರೂ ಅನುಮಾನವಿರಲಿಲ್ಲ.

“ಅಣ್ಣ, ಹೊಲಿಗೆ ಬಿಚ್ಚಿಸೋಕೆ ಇವತ್ತೇ ಅಲ್ವಾ? ಸ್ಕೂಟರಲ್ಲಿ ಬಿಡ್ತೀನಿ ಬನ್ನಿ.”

“ಬೇಡಪ್ಪ. ನಿನ್ನ ಕೈಗೆ ಯಾಕೆ ಆಯಾಸ.”

“ಆಯಾಸ ಎಲ್ಲಿ ಬಂತು? ಕ್ಯಾಮೆರಾ ಆಪರೇಷನ್ನಲ್ಲಿ ಅದೆಲ್ಲ ಇಲ್ಲ.” ಅವನು ಅತ್ತಿಗೆಯ ಕಡೆ ತಿರುಗಿದ. “ನಂಗೆ ಎಷ್ಟು ಜೋರಾಗಿತ್ತು ಗೊತ್ತಾ ಅತ್ತಿಗೆ? ಮೊದಲು ಈ ಕಿರುಬೆರಳಿಂದ ಶುರುವಾಗೋದು. ಕಟ್ಟಿಗೆ ಥರ ಆಗಿಬಿಡೋದು. ಚಹಾ ಲೋಟ ಹಿಡಿದ್ರೆ ಕೈಯಲ್ಲಿ ಇದೆಯೋ ಬಿದ್ದಿದೆಯೋ ತಿಳೀತಿರ್ಲಿಲ್ಲ. ಈಗ ನೋಡಿ.” ಅವನು ಕಿರುಬೆರಳನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ ತೋರಿಸಿದ.

“ಅಯ್ಯೋ ಪಾಪ,” ಎಂದಳು ಅತ್ತಿಗೆ. ಹನ್ನೆರಡು ದಿನದಲ್ಲಿ ಈ ಧ್ವನಿಯ ಒಂದು ‘ಅಯ್ಯೋ ಪಾಪ’ ತನ್ನ ಪಾಲಿಗೆ ಬಂದಿರಲಿಲ್ಲ ಎಂಬುದನ್ನು ಕಾಲರಣ್ಣ ಮನಸ್ಸಿನಲ್ಲೇ ಬರೆದಿಟ್ಟುಕೊಂಡ. ಜೇಬು ಆ ಕಿರುಬೆರಳಿನ ಕತೆಯನ್ನು ಬಾವಿಕಟ್ಟೆಯಿಂದ ಹಿಡಿದು ಕಾರ್ಖಾನೆಯವರೆಗೆ ಎಲ್ಲ ಕಡೆ ಹೇಳಿದ್ದ. ಕೇಳಿ ಕೇಳಿ ಕಾಲರಣ್ಣನಿಗೆ ಬಾಯಿಪಾಠವಾಗಿತ್ತು.

ಆಸ್ಪತ್ರೆಗೆ ಅವನು ನಡೆದೇ ಹೋದ. ನರ್ಸಮ್ಮ ಬ್ಯಾಂಡೇಜು ಬಿಚ್ಚಿ ಇಕ್ಕಳದಿಂದ ಒಂದೊಂದೇ ಹೊಲಿಗೆ ಕೀಳಲು ಶುರು ಮಾಡಿದಳು. ಕಾಲರಣ್ಣ ಕಣ್ಣು ಮುಚ್ಚಲಿಲ್ಲ, ನೋವು ಎನ್ನಲಿಲ್ಲ. ತನ್ನ ಅಂಗೈಯನ್ನು ಬೇರೆ ದರ್ಜಿ ಹೊಲಿದ ಅಂಗಿಯಂತೆ ಬೆಳಕಿಗೆ ಹಿಡಿದು ನೋಡಿದ.

“ಇದನ್ನ ಹಾಕಿದವರು ಯಾರು?”

“ಡಾಕ್ಟರೇ ಹಾಕಿದ್ದು. ಯಾಕೆ?”

“ಮೂರನೇದಕ್ಕೂ ನಾಲ್ಕನೇದಕ್ಕೂ ನಡುವೆ ಜಾಗ ಜಾಸ್ತಿ. ಕೊನೆಗೆ ಗಂಟು ಎರಡು ಸಲ ಬಿದ್ದಿದೆ. ನಮ್ಮಲ್ಲಿ ಹೀಗೆ ಹೊಲಿದವನನ್ನ ಮಾರನೇ ದಿನ ಗುಂಡಿ ಎಣಿಸೋಕೆ ಕೂರಿಸ್ತಾರೆ.”

ಡಾಕ್ಟರು ಇದನ್ನು ಬಾಗಿಲಲ್ಲೇ ಕೇಳಿಸಿಕೊಂಡು ಒಳಗೆ ಬಂದರು. ಸೌಮ್ಯ ಮನುಷ್ಯ, ಆದರೆ ಬೆಳಗಿನಿಂದ ಇಪ್ಪತ್ತಾರು ರೋಗಿಗಳನ್ನು ನೋಡಿದ್ದರು. ಗಾಯ ಒತ್ತಿ ನೋಡಿದರು, ಬೆರಳು ಮಡಚಿಸಿದರು, ಹೆಬ್ಬೆರಳಿನ ತುದಿಗೆ ಹತ್ತಿ ತಾಗಿಸಿ “ತಿಳೀತಾ?” ಎಂದರು. ತಿಳಿಯಿತು. ಎಂಟು ತಿಂಗಳ ಮೇಲೆ ಹತ್ತಿಯ ಮೆತ್ತನೆಯ ಸ್ಪರ್ಶ ಅವನ ಹೆಬ್ಬೆರಳಿಗೆ ತಿಳಿದಿತ್ತು. ಬೇರೆ ಯಾರಾದರೂ ಆಗಿದ್ದರೆ ಡಾಕ್ಟರ ಕಾಲಿಗೆ ಬೀಳುತ್ತಿದ್ದರು.

“ಚೆನ್ನಾಗಿದೆ. ಇನ್ನು ನಾಲ್ಕು ವಾರ ಭಾರ ಎತ್ತಬೇಡ, ಕತ್ತರಿ ಮುಟ್ಟಬೇಡ.”

“ನಾಲ್ಕು ವಾರ. ಕ್ಯಾಮೆರಾ ಹಾಕಿ ಮಾಡಿದ್ರೆ?”

ಡಾಕ್ಟರು ಕುರ್ಚಿಯಲ್ಲಿ ಕೂತರು. “ನೋಡಪ್ಪ, ನೀನು ದರ್ಜಿ, ನಿನಗೆ ಅರ್ಥವಾಗೋ ಹಾಗೆ ಹೇಳ್ತೀನಿ. ಪೈಜಾಮದ ಸೊಂಟಕ್ಕೆ ಲಾಡಿ ಹಾಕೋ ಪಟ್ಟಿ ಇರುತ್ತಲ್ಲ, ನಿನ್ನ ಮಣಿಕಟ್ಟು ಹಾಗೆ. ಆ ಪಟ್ಟಿಯೊಳಗೆ ಒಂಬತ್ತು ಲಾಡಿ, ಜೊತೆಗೆ ಒಂದು ನರ. ಪಟ್ಟಿ ಬಿಗಿಯಾದ್ರೆ ನರ ಸಿಕ್ಕಿಹಾಕ್ಕೊಳ್ಳುತ್ತೆ. ಮದ್ದು ಒಂದೇ, ಪಟ್ಟಿಯ ಹೊಲಿಗೆ ಬಿಚ್ಚೋದು. ಬಿಚ್ಚೋಕೆ ಎರಡು ದಾರಿ. ಹೊರಗಿನ ಬಟ್ಟೆ ಸೀಳಿ, ಕಣ್ಣೆದುರಿಗೇ ಪಟ್ಟಿ ಬಿಚ್ಚಿ, ಮತ್ತೆ ಹೊರಗೆ ಹೊಲಿಯೋದು ಒಂದು. ಅದು ನಿನಗೆ ಮಾಡಿದ್ದು. ಲಾಡಿ ತೂರಿಸೋ ತೂತಿನಿಂದ್ಲೇ ಕ್ಯಾಮೆರಾ ಇಳಿಸಿ, ಸಣ್ಣ ಕೊಕ್ಕೆ ಚಾಕುವಿನಿಂದ ಒಳಗಿಂದ್ಲೇ ಬಿಚ್ಚೋದು ಇನ್ನೊಂದು.”

“ಯಾವ್ದು ಒಳ್ಳೇದು?”

“ಕ್ಯಾಮೆರಾದಲ್ಲಿ ಗಾಯ ಚಿಕ್ಕದು, ಅಂಗೈ ನೋವು ಕಮ್ಮಿ, ಒಂದೆರಡು ವಾರ ಬೇಗ ಕೆಲಸಕ್ಕೆ ಹೋಗಬಹುದು. ಆದ್ರೆ ಯಂತ್ರ ಬೇಕು, ಪಳಗಿದ ಕೈ ಬೇಕು, ಒಳಗೆ ಸರಿಯಾಗಿ ಕಾಣದೇ ಹೋದ್ರೆ ಕೊನೆಗೆ ತೆರೆದೇ ಮಾಡಬೇಕು. ತೆರೆದು ಮಾಡಿದ್ರೆ ಎಲ್ಲ ಕಣ್ಣಿಗೆ ಕಾಣುತ್ತೆ, ಗಾಯ ಮಾತ್ರ ಆರೋಕೆ ನಿಧಾನ. ಮೂರು ತಿಂಗಳು, ಆರು ತಿಂಗಳು ಕಳೆದ ಮೇಲೆ ಎರಡೂ ಕೈ ಪಕ್ಕಪಕ್ಕ ಇಟ್ಟು ನೋಡು. ವ್ಯತ್ಯಾಸ ಸಿಕ್ಕೋದಿಲ್ಲ.”

ಇದನ್ನು ಕೇಳಿ ಬುದ್ಧಿ ಇದ್ದವನು ಮನೆಗೆ ಹೋಗುತ್ತಿದ್ದ. ಆದರೆ ಹೊಟ್ಟೆಕಿಚ್ಚಿಗೆ ಮೂರು ತಿಂಗಳು ಕಾದು ಅಭ್ಯಾಸವಿಲ್ಲ. ಕಾಲರಣ್ಣ ಕೂತಲ್ಲಿಂದಲೇ ಎಡಗೈ ಮುಂದೆ ಚಾಚಿದ.

“ಡಾಕ್ಟ್ರೇ, ಈ ಕೈಗೂ ಬಂದಿದೆ. ಇದಕ್ಕಾದ್ರೂ ಕ್ಯಾಮೆರಾದ್ದೇ ಮಾಡಿಬಿಡಿ.”

ಡಾಕ್ಟರು ಎಡಗೈ ಮಣಿಕಟ್ಟನ್ನು ಮಡಚಿದರು, ಬೆರಳಿನಿಂದ ತಟ್ಟಿದರು. “ಎಲ್ಲಿ ಜುಮುಗುಟ್ಟುತ್ತೆ?”

ಸುಳ್ಳು ಹೇಳಬೇಕಾಗಿ ಬಂದ ಗಳಿಗೆಯಲ್ಲಿ ಮನುಷ್ಯನಿಗೆ ಹತ್ತಿರ ಸಿಕ್ಕಿದ್ದೇ ಬಾಯಿಗೆ ಬರುತ್ತದೆ. ಕಾಲರಣ್ಣನ ಬಾಯಿಗೆ ಷಡ್ಡಕನ ಕತೆ ಬಂತು. “ಮೊದಲು ಕಿರುಬೆರಳಿಂದ ಶುರುವಾಗೋದು. ಕಟ್ಟಿಗೆ ಥರ ಆಗಿಬಿಡುತ್ತೆ. ಚಹಾ ಲೋಟ ಹಿಡಿದ್ರೆ ಕೈಯಲ್ಲಿ ಇದೆಯೋ ಬಿದ್ದಿದೆಯೋ…”

“ಕಿರುಬೆರಳಾ?” ಡಾಕ್ಟರು ಅವನ ಕೈಯನ್ನು ಮೆಲ್ಲಗೆ ಅವನ ತೊಡೆಯ ಮೇಲೆ ವಾಪಸ್ ಇಟ್ಟರು. “ಅಲ್ಲಪ್ಪ, ಈ ನರ ಕಿರುಬೆರಳಿಗೆ ಹೋಗೋದೇ ಇಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಲ್ಲಿ ಅರ್ಧ. ಅಲ್ಲಿಗೆ ಮುಗೀತು. ಕಿರುಬೆರಳಿಂದ ಶುರು ಅಂತ ಹೇಳೋರಿಗೆ ಒಂದೋ ಬೇರೆ ಕಾಯಿಲೆ ಇರುತ್ತೆ, ಇಲ್ಲಾಂದ್ರೆ ರಜ ಬೇಕಾಗಿರುತ್ತೆ. ನಿನ್ನ ಎಡಗೈ ನನ್ನ ಕೈಗಿಂತ ಚೆನ್ನಾಗಿದೆ. ನಡಿ.”

ನಾಚಿಕೆಯಾಗಬೇಕಾದ ಹೊತ್ತು ಅದು. ಆದರೆ ಕಾಲರಣ್ಣನ ಮುಖ ಅರಳಿತು. ಕಿರುಬೆರಳಿಗೆ ಆ ನರ ಹೋಗುವುದೇ ಇಲ್ಲ. ಹಾಗಾದರೆ ಜೇಬುವಿನ ಕಿರುಬೆರಳು ಕಟ್ಟಿಗೆಯಾದದ್ದು ಹೇಗೆ? ಕಾಯಿಲೆ ಇಲ್ಲದೆ ಆಪರೇಷನ್ ಎಲ್ಲಿಂದ ಬಂತು?

“ಡಾಕ್ಟ್ರೇ, ಮಣಿಕಟ್ಟಿನ ಮೇಲೆ ಇಷ್ಟೇ ಇಷ್ಟು ಗಾಯ, ಒಂದೇ ಹೊಲಿಗೆ. ಬೇರೆ ಏನಕ್ಕೆಲ್ಲ ಆಗಬಹುದು?”

“ಏನಕ್ಕಾದ್ರೂ ಆಗಬಹುದು. ಮುಳ್ಳು, ಗಂಟು, ಚರ್ಮದ ಮೇಲೇಳೋ ನರುಳ್ಳೆ.”

ಕಾಲರಣ್ಣ ಬಲಗೈ ನೋವನ್ನೂ ಮರೆತು ಕೈ ಮುಗಿದ. ನರ್ಸಮ್ಮ ಗಾಯದ ಮೇಲೆ ಉದ್ದನೆಯ ಪಟ್ಟಿ ಅಂಟಿಸಲು ಬಂದಳು. “ಚಿಕ್ಕದು ಹಾಕಮ್ಮ, ಎಷ್ಟು ಚಿಕ್ಕದಿದೆಯೋ ಅಷ್ಟು,” ಎಂದ. ಅವಳು ಮಕ್ಕಳಿಗೆ ಹಾಕುವ ಪಟ್ಟಿ ಹಾಕಿದಳು. ಅದು ಗಾಯದ ನಡುಭಾಗವನ್ನು ಮಾತ್ರ ಮುಚ್ಚಿತು, ಗಾಯದ ತಲೆಯೂ ಕಾಲೂ ಚಿಕ್ಕ ಹೊದಿಕೆ ಹೊದ್ದವನಂತೆ ಹೊರಗೇ ಉಳಿದವು.

ಕಾರ್ಖಾನೆಗೆ ಬಂದಾಗ ಮೂರು ಗಂಟೆ. ಅಲ್ಲಿ ಅಷ್ಟರಲ್ಲಾಗಲೇ ಎರಡು ಪಕ್ಷಗಳಾಗಿದ್ದವು. ಕಾಜಾ ಅಕ್ಕ ಕ್ಯಾಮೆರಾ ಪಕ್ಷ, ಇಸ್ತ್ರಿ ತಾತ ತೆರೆದು ಮಾಡುವ ಪಕ್ಷ. ಇಬ್ಬರಲ್ಲಿ ಯಾರೂ ಆಪರೇಷನ್ ಕೋಣೆಯ ಬಾಗಿಲನ್ನೂ ನೋಡಿದವರಲ್ಲ, ಹಾಗಾಗಿ ವಾದಕ್ಕೆ ಅಡ್ಡಿ ಇರಲಿಲ್ಲ.

“ಒಳಗೆ ದೀಪ ಹಾಕ್ಕೊಂಡು ನೋಡ್ತಾರಂತೆ ತಾತ,” ಎನ್ನುತ್ತಿದ್ದಳು ಕಾಜಾ ಅಕ್ಕ. “ಟೀವೀಲಿ ಕಾಣುತ್ತಂತೆ. ಈ ಕಾಲದಲ್ಲೂ ಯಾರಾದ್ರೂ ಅಷ್ಟುದ್ದ ಕೊಯ್ಸಿಕೊಳ್ತಾರಾ?”

“ಬಾಗಿಲು ಇರೋವಾಗ ಕಿಟಕಿಯಿಂದ ಯಾಕಮ್ಮ ನುಗ್ಗಬೇಕು? ಕಿಟಕಿಯಿಂದ ನುಗ್ಗೋನು ಕಳ್ಳ.” ತಾತ ಇಸ್ತ್ರಿ ಪೆಟ್ಟಿಗೆಯನ್ನು ಮೇಜಿಗೆ ಕುಕ್ಕಿದ. “ನಾಲ್ಕು ದಿನ ತಡ ಆಗ್ಲಿ, ಕಣ್ಣಾರೆ ನೋಡಿ ಮಾಡಿದ ಕೆಲಸ.”

“ಕಣ್ಣಾರೆ ನೋಡಿದ ಕೆಲಸ ಬಂತು ನೋಡಿ,” ಎಂದಳು ಅಕ್ಕ ಕಾಲರಣ್ಣನನ್ನು ಕಂಡು. “ಎಲ್ಲಿ ಕೈ ತೋರಿಸಿ. ಅಯ್ಯೋ, ಇದೇನು, ಪಟ್ಟಿ ಸಾಲ್ಲಿಲ್ವಾ?”

ಎಲ್ಲರೂ ಸುತ್ತ ನೆರೆದರು. ಜೇಬು ತನ್ನ ಯಂತ್ರದಿಂದ ಎದ್ದು ಬಂದು, ಬೆಳಕಿಗೆ ಹಿಡಿದ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸಿ, ಏನೂ ಆಗದವನಂತೆ ಹಾಗೇ ನಿಂತ. ಬೇಕೆಂದೇ ಮಾಡಿದ್ದು. ಜೇಬು ಹೊಲಿಯುವವನಿಗೆ ಕೈಸೂಜಿ ಎಲ್ಲಿ ಬೇಕು?

ಕಾಲರಣ್ಣನಿಗೆ ತಲೆ ಚಿಟ್ಟು ಹಿಡಿಯಿತು. ನೇರವಾಗಿ ಕಿಟಕಿ ಪಕ್ಕದ ಮೇಜಿಗೆ ಹೋಗಿ ದೊಡ್ಡ ಕತ್ತರಿಗೆ ಕೈ ಹಾಕಿದ. ಮಾಸ್ತರು “ಬೇಡಯ್ಯ” ಎನ್ನುವಷ್ಟರಲ್ಲಿ ಎತ್ತಿಯಾಗಿತ್ತು. ಅಂಗೈಯ ಬುಡದಿಂದ ನೋವು ಮೊಳಕೈಯವರೆಗೆ ಹರಿಯಿತು. ಕತ್ತರಿ ಕೈ ಜಾರಿ ಮೇಜಿನ ಅಂಚಿಗೆ ಬಡಿದು, ಮಾಸ್ತರ ಚಹಾ ಲೋಟವನ್ನು ಜೊತೆಗೆ ಕರೆದುಕೊಂಡು ಕೆಳಗೆ ಬಿತ್ತು. ಚಹಾ ಪೂರ್ತಿ ಇಸ್ತ್ರಿ ತಾತ ಬೆಳಗಿನಿಂದ ಮಡಿಸಿಟ್ಟಿದ್ದ ಬಿಳಿ ಅಂಗಿಗಳ ಅಟ್ಟಿಯ ಮೇಲೆ ಚೆಲ್ಲಿತು. ತೆರೆದು ಮಾಡುವ ಪಕ್ಷದ ಏಕೈಕ ಸದಸ್ಯ ಆ ಗಳಿಗೆಯಲ್ಲಿ ಪಕ್ಷ ಬಿಟ್ಟ.

“ಸುಮ್ಮನೆ ಕೂತ್ಕೊಳ್ಳೋಕೆ ಆಗಲ್ವಾ ನಿನಗೆ?” ಎಂದ ತಾತ ಹನ್ನೊಂದು ಅಂಗಿ ಎಣಿಸಿ ಬೇರೆ ತೆಗೆಯುತ್ತ.

ಕಾಲರಣ್ಣ ಸ್ಟೂಲಿನ ಮೇಲೆ ಕೂತ. ಕಣ್ಣಲ್ಲಿ ನೀರು ಬಂದಿತ್ತು, ನೋವಿಗೆ ಸ್ವಲ್ಪ, ಅವಮಾನಕ್ಕೆ ಉಳಿದದ್ದು. ಜೇಬು ಬಗ್ಗಿ ಕತ್ತರಿ ಎತ್ತಿ, ಅಂಗಿಯ ತುದಿಯಿಂದ ಒರೆಸಿ, ಮೇಜಿನ ಮೇಲೆ ಮೆತ್ತಗೆ ಇಟ್ಟ. ಅದು ಅವನ ಕೈಯಲ್ಲಿ ಹುಟ್ಟಿದಾಗಿನಿಂದ ಇದ್ದಂತೆ ಕಾಣುತ್ತಿತ್ತು. “ಜೋಪಾನ ಅಣ್ಣ, ನಿಮ್ಮದು ದೊಡ್ಡ ಗಾಯ,” ಎಂದ.

ಆಡಪ್ಪ ಆಡು, ನಾಲ್ಕು ಗಂಟೆಯವರೆಗೆ ಆಡು ಎಂದುಕೊಂಡ ಕಾಲರಣ್ಣ. ಕಿರುಬೆರಳಿನ ಗುಟ್ಟು ಅವನ ಬಾಯೊಳಗೆ ಬಿಸಿ ತುತ್ತಿನಂತೆ ಹೊರಳಾಡುತ್ತಿತ್ತು. ಮೊದಲು ಯಜಮಾನಿ ಏನು ಹೇಳುತ್ತಾಳೋ ಕೇಳುವುದು, ತನ್ನ ಹೆಸರು ಬಂದರೆ ಗುಟ್ಟನ್ನು ನುಂಗಿಬಿಡುವುದು, ಎಷ್ಟಾದರೂ ಹೆಂಡತಿಯ ತಂಗಿಯ ಗಂಡ. ಅವನ ಹೆಸರು ಬಂದರೆ ಮಾತ್ರ ಉಗುಳುವುದು. ಹೀಗೆ ತೀರ್ಮಾನ ಮಾಡಿಕೊಂಡಾಗ ತಾನು ಎಂಥ ದೊಡ್ಡ ಮನುಷ್ಯ ಎಂದು ಅವನಿಗೇ ಮೆಚ್ಚುಗೆಯಾಯಿತು.

ಯಜಮಾನಿ ನಾಲ್ಕಕ್ಕೆ ಸರಿಯಾಗಿ ಬಂದಳು. ಕನ್ನಡಕ ಹಣೆಗೇರಿಸಿ, ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡೇ ಮಾತಾಡುವ ಹೆಂಗಸು. ಯಂತ್ರಗಳೆಲ್ಲ ನಿಂತವು.

“ಮಾಸ್ತರು ಇನ್ನು ದಣಿಯೋದು ಬೇಡ,” ಎಂದಳು. “ಈ ಕತ್ತರಿಗೆ ಕೆಲಸ ಗೊತ್ತಿರೋ ಕೈ ಎರಡೇ. ಎರಡಕ್ಕೂ ಆಪರೇಷನ್ ಆಗಿದೆ, ಬೇರೆ ಬೇರೆ ಥರ. ನಂಗೆ ಇದು ದೊಡ್ಡ ತಲೆನೋವಾಯ್ತು. ಇಬ್ಬರು ಡಾಕ್ಟರ ಹತ್ರ ವಿಚಾರಿಸಿದೆ, ಎರಡನ್ನೂ ತೂಗಿ ನೋಡಿದೆ.”

ಕಾಲರಣ್ಣ ಸ್ಟೂಲನ್ನು ಒಂದು ಗೇಣು ಮುಂದಕ್ಕೆ ಎಳೆದುಕೊಂಡ.

“ಜೇಬು ಕೈ ನೋಡಿ. ಗಾಯ ಕಾಣೋದೇ ಇಲ್ಲ. ಎಂಟನೇ ದಿನಕ್ಕೆ ಯಂತ್ರದ ಮೇಲೆ ಕೂತ. ನೋವಿಲ್ಲ, ಊತ ಇಲ್ಲ. ಹೊಸ ಬಗೆಯ ಆಪರೇಷನ್, ನಿಜಕ್ಕೂ ಮೆಚ್ಚಬೇಕಾದ್ದು…”

ಜೇಬು ತಲೆ ತಗ್ಗಿಸಿ ವಿನಯದಿಂದ ನಕ್ಕ. ಕಾಜಾ ಅಕ್ಕ ತಲೆಯಾಡಿಸಿದಳು. ಕಾಲರಣ್ಣನ ಒಳಗೆ ಹನ್ನೆರಡು ದಿನದಿಂದ ಬೇಯುತ್ತಿದ್ದದ್ದು ಉಕ್ಕಿ ಹೊರಗೆ ಬಂತು.

“ಅಮ್ಮ, ಅವನಿಗೆ ಆಪರೇಷನ್ನೇ ಆಗಿಲ್ಲ.”

“ಏನಂದೆ?” ಎಂದಳು ಯಜಮಾನಿ.

“ಆ ಕಾಯಿಲೇನೇ ಇರ್ಲಿಲ್ಲಮ್ಮ ಅವನಿಗೆ. ಕೇಳಿ ಬೇಕಾದ್ರೆ, ಯಾವ ಬೆರಳಿಂದ ಶುರುವಾಯ್ತು ಅಂತ ಕೇಳಿ. ನೂರು ಸಲ ಹೇಳಿದ್ದಾನೆ, ಕಿರುಬೆರಳಿಂದ ಅಂತ. ಆ ನರ ಕಿರುಬೆರಳಿಗೆ ಹೋಗೋದೇ ಇಲ್ಲ. ಇವತ್ತು ಬೆಳಿಗ್ಗೆ ಡಾಕ್ಟ್ರು ನನ್ನೆದುರೇ ಹೇಳಿದ್ರು. ಕಿರುಬೆರಳು ಅಂತ ಹೇಳೋರು ರಜ ಬೇಕಾಗಿರೋರಂತೆ. ಅದು ಕ್ಯಾಮೆರಾನೂ ಅಲ್ಲ, ಏನೂ ಅಲ್ಲ. ನರುಳ್ಳೆ ತೆಗೆಸಿರೋ ಗಾಯ.”

ನರುಳ್ಳೆ ಎಂಬುದು ಗುರಿಯಿಲ್ಲದೆ ಎಸೆದ ಕಲ್ಲು. ಅದು ನೆಟ್ಟಗೆ ಹೋಗಿ ತಾಗಿತು. ಜೇಬುವಿನ ಮುಖ ಸುಣ್ಣ ಬಳಿದಂತಾಯಿತು. ಮಡಚಿದ ತೋಳನ್ನು ಮೆಲ್ಲಗೆ ಕೆಳಗೆ ಬಿಟ್ಟುಕೊಂಡ.

“ನಿಜವಾ?” ಎಂದಳು ಯಜಮಾನಿ.

ಅವನು ತೋಳಿನ ಗುಂಡಿ ಹಾಕಿಕೊಂಡ. ಆಮೇಲೆ ಕಾಲರಣ್ಣನನ್ನು ನೋಡಿಯೇ ಹೇಳಿದ. “ಅಣ್ಣನಿಗೆ ಆಪರೇಷನ್ ಅಂದಾಗ ಇಡೀ ಕಾರ್ಖಾನೆ ಅವರ ಹಿಂದೆ ಬಿತ್ತು. ಅಮ್ಮ, ನೀವೇ ಮನೆಗೆ ಹೋಗಿ ನೋಡ್ಕೊಂಡು ಬಂದ್ರಿ. ನನ್ನ ಹೆಂಡತಿ ಮೂರು ಹೊತ್ತೂ ಕೆಳಮನೇಲಿ, ಭಾವನಿಗೆ ಹಾಲು, ಭಾವನಿಗೆ ದಿಂಬು. ಭಾವ ಎಷ್ಟು ಧೈರ್ಯಸ್ಥರು, ಅಷ್ಟುದ್ದ ಕೊಯ್ದರೂ ಉಸಿರೆತ್ತಲಿಲ್ಲ ಅಂತ ರಾಗ. ನಂಗೆ ತಡ್ಕೊಳ್ಳೋಕೆ ಆಗ್ಲಿಲ್ಲ. ಅಕ್ಕನ ಊರಲ್ಲಿ ನರುಳ್ಳೆ ತೆಗೆಸೋಕೆ ಹೋಗಿದ್ದೆ. ಬಂದು ಕ್ಯಾಮೆರಾ ಅಂದುಬಿಟ್ಟೆ.”

ತನ್ನ ಮೇಲೂ ಯಾರಾದರೂ ಹೊಟ್ಟೆಕಿಚ್ಚು ಪಡಬಹುದೆಂದು ಕಾಲರಣ್ಣನಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಅವನ ಎದೆ ತುಂಬಿ ಬಂತು. ಇಷ್ಟು ಸಿಹಿಯಾದ ಮಾತನ್ನು ಷಡ್ಡಕ ಮದುವೆಯಾದಾಗಿನಿಂದ ಆಡಿರಲಿಲ್ಲ. ಒಂದು ಗಳಿಗೆ ಅವನನ್ನು ಕ್ಷಮಿಸಿಯೂಬಿಟ್ಟ.

ಯಜಮಾನಿ ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿದಳು. “ಕಾಲರಣ್ಣ, ನನ್ನ ಮಾತು ಮುಗಿದಿರ್ಲಿಲ್ಲ. ‘ಮೆಚ್ಚಬೇಕಾದ್ದು, ಆದ್ರೆ’ ಅಂತ ಹೇಳೋಳಿದ್ದೆ.”

“ಆದ್ರೆ?”

“ಆದ್ರೆ ನಾನು ಬಟ್ಟೆಯವಳು. ಎರಡೂ ಒಂದೇ ಅಂತ ಡಾಕ್ಟ್ರು ಹೇಳಿದ್ರೂ ಕಣ್ಣಿಗೆ ಕಾಣದ ಹಾಗೆ ಬಿಚ್ಚಿದ ಹೊಲಿಗೇನ ನಾನು ನಂಬೋದಿಲ್ಲ. ಒಳಗೆ ಎರಡು ಎಳೆ ಉಳಿದಿದ್ರೆ? ನಿನ್ನದು ಕಣ್ಣಾರೆ ನೋಡಿ ಬಿಚ್ಚಿದ್ದು. ಮೂರು ತಿಂಗಳು ಕಾದ್ರೂ ಚಿಂತೆ ಇಲ್ಲ, ಅಲ್ಲೀವರೆಗೆ ಮಾಸ್ತರು ಇರ್ತೀನಿ ಅಂದಿದ್ರು. ಕತ್ತರಿ ನಿನಗೇ ಅಂತ ಬರೆದುಕೊಂಡು ಬಂದಿದ್ದೆ.” ಅವಳು ಕೈಲಿದ್ದ ಚೀಟಿ ತಿರುಗಿಸಿ ತೋರಿಸಿದಳು. ಅದರಲ್ಲಿ ದುಂಡಗೆ ‘ಕಾಲರ್ ಮಾಸ್ತರ್’ ಎಂದು ಬರೆದಿತ್ತು.

ಕಾಲರಣ್ಣ ಆ ಎರಡು ಪದಗಳನ್ನು ನೋಡಿದ. ಹನ್ನೊಂದು ವರ್ಷದಲ್ಲಿ ಅವನು ನೋಡಿದ ಅತ್ಯಂತ ಚಂದದ ಅಕ್ಷರಗಳು.

“ಹಾಗಾದ್ರೆ…” ಎಂದ ಚೀಟಿಯ ಕಡೆ ಕೈ ಚಾಚಿ.

“ಹಾಗಾದ್ರೆ ಏನು ಮಾಡೋದು? ಕೊಯ್ದು ಸರಿ ಮಾಡಿದ ಎರಡು ಕೈಗಳಲ್ಲಿ ಯಾವುದು ವಾಸಿ ಅಂತ ನಾನು ಒಂದು ವಾರ ತಲೆ ಕೆಡಿಸ್ಕೊಂಡೆ. ಕಾಯಿಲೇನೇ ಬಾರದ ಕೈ ನನ್ನ ಕಣ್ಣೆದುರೇ ಇದೆ ಅಂತ ನೀನು ಈಗ ಹೇಳ್ತಿದ್ದೀಯ.”

“ಸುಳ್ಳು ಹೇಳಿದ್ದಾನಮ್ಮ ಅವನು.”

“ಅದಕ್ಕೆ ಶಿಕ್ಷೆ ಬೇರೆ. ಎಂಟು ವಾರ ರಜದ ದಿನ ಬಂದು, ಆ ಚಹಾ ಬಿದ್ದ ಅಂಗಿಯಿಂದ ಶುರುಮಾಡಿ, ಕಲೆಯಾದ ಬಟ್ಟೆ ಒಗೆದು ಹಾಕ್ಲಿ. ಬಾಯಿ ಸುಳ್ಳು ಹೇಳಿದ್ರೆ ಕೈ ಏನು ಮಾಡುತ್ತೆ?”

ಕಾಲರಣ್ಣ ಎದ್ದು ನಿಂತ. “ಒಂದು ನಿಮಿಷ ಅಮ್ಮ. ಕಿರುಬೆರಳಿಗೂ ಕೆಲವರಿಗೆ ಬರಬಹುದೇನೋ. ಡಾಕ್ಟ್ರು ಗಡಿಬಿಡೀಲಿ ಇದ್ರು, ಇಪ್ಪತ್ತಾರು ಜನ ನೋಡಿದ್ರು. ನರುಳ್ಳೆ ಅಂದ್ರೂ ಸಣ್ಣ ವಿಷಯ ಅಲ್ಲ. ಒಳಗೆ ಬೇರು ಇರುತ್ತೆ, ಒಂದಿನ ಅದು ನರಕ್ಕೆ ತಾಗಿ…”

“ಅವನೇ ಒಪ್ಪಿಕೊಂಡ ಮೇಲೆ ನೀನು ಯಾಕಪ್ಪ ಒದ್ದಾಡ್ತೀಯ?” ಎಂದಳು ಯಜಮಾನಿ. ಚೀಟಿಯಲ್ಲಿ ಒಂದು ಪದಕ್ಕೆ ಗೀಟು ಹಾಕಿ ಮೇಲೆ ಇನ್ನೊಂದು ಬರೆದಳು. ಮಾಸ್ತರ್ ಎಂಬುದನ್ನು ಮಾತ್ರ ಹಾಗೇ ಬಿಟ್ಟಳು.

ಹಳೆಯ ಮಾಸ್ತರು ಕತ್ತರಿಯನ್ನು ಜೇಬುವಿನ ಕೈಗೆ ಕೊಟ್ಟು, ಮೂರು ತಿಂಗಳು ಕಾಯುವುದು ತಪ್ಪಿತಲ್ಲ ಎಂಬ ಖುಷಿಯಲ್ಲಿ ಆಗಲೇ ಚಪ್ಪಲಿ ಹುಡುಕುತ್ತಿದ್ದರು. ಜೇಬು ನಲವತ್ತು ಪದರ ಬಟ್ಟೆಯನ್ನು ಒಂದೇ ಏಟಿಗೆ ಸೀಳಿದ. ಕಾಜಾ ಅಕ್ಕ “ಶಹಭಾಸ್ ಮಾಸ್ತರೇ” ಎಂದಳು. ಇಂಗು ತಿಂದ ಮಂಗನಂತೆ ಕೂತಿದ್ದ ಕಾಲರಣ್ಣನ ಹತ್ತಿರ ಇಸ್ತ್ರಿ ತಾತ ಬಂದು, ಬೇಸರ ಮಾಡ್ಕೋಬೇಡ ಎಂದು ಹೇಳಿ, ಹನ್ನೊಂದು ಅಂಗಿಯ ಗಂಟನ್ನು ಒಗೆಯುವ ಮನೆಯ ಕಡೆಗೆ ಹೊತ್ತುಕೊಂಡು ಹೋದ.

ಮನೆ ತಲುಪುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲು ತಲುಪಿತ್ತು. ಮಹಡಿಯಿಂದ ನಗು ಕೇಳಿಸುತ್ತಿತ್ತು. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

“ಅವರು ಮಾಸ್ತರ್ ಆದ್ರಂತೆ, ಹೌದಾ?”

“ಹೌದು,” ಎಂದ ಕಾಲರಣ್ಣ. ಆಮೇಲೆ ಉಳಿದಿದ್ದ ಒಂದೇ ಒಂದು ಬಾಣ ತೆಗೆದ. “ಆದ್ರೆ ಒಂದು ವಿಷಯ ಕೇಳಿಸ್ಕೋ. ಅವನಿಗೆ ಕ್ಯಾಮೆರಾ ಆಪರೇಷನ್ ಆಗಿದ್ದೆಲ್ಲ ಬರೀ ಸುಳ್ಳು. ಆಪರೇಷನ್ನೇ ಆಗಿಲ್ಲ ಅವನಿಗೆ.”

ಅವಳು ಬಾಗಿಲ ಪಕ್ಕದ ದೀಪ ಹಾಕಿದಳು. ಆಮೇಲೆ ಅವನ ಬಲಗೈಯನ್ನು ಮೆಲ್ಲಗೆ ತೆಗೆದುಕೊಂಡು, ಚಿಕ್ಕ ಪಟ್ಟಿಯ ಎರಡು ಕಡೆಯೂ ಚಾಚಿಕೊಂಡಿದ್ದ ಗಾಯವನ್ನು ಬೆಳಕಿಗೆ ಹಿಡಿದು ನೋಡಿದಳು.

“ನೋಡಿದ್ರಾ,” ಎಂದಳು. “ನಿಮಗೆ ಏಳು ಹೊಲಿಗೆ ಹಾಕಿದ್ರೂ ಆಗದ್ದು ಅವರಿಗೆ ಆಪರೇಷನ್ನೇ ಇಲ್ದೆ ಆಯ್ತು.”